ಸೈನೈಡ್ ಗುಡ್ಡದ ಬುಡಕ್ಕೆ ಲಾವಂಚ ಹಾಕ್ಸಿದ್ದು: ನರ್ಸರಿ ಪ್ಯಾಕೇಜ್ ಬಗ್ಗೆ ಎರಡು ಮಳೆಗಾಲ ಆದ್ಮೇಲಿನ ಅನುಭವ

ಮೊದ್ಲೇ ಮಾರ್ಕ್ಸ್ ಹೇಳ್ಬಿಡ್ತೀನಿ, ಅರ್ಜೆಂಟಲ್ಲಿ ಇರೋರು ಇಷ್ಟು ಓದಿದ್ರೂ ಸಾಕು. ಲಾವಂಚದ ಸಸಿಗೆ 5ಕ್ಕೆ 4, ತೆಂಗಿನ ನಾರಿನ ಮ್ಯಾಟ್‌ಗೆ 5ಕ್ಕೆ 5, ಜೊತೇಲಿ ಕೊಟ್ಟ ವ್ಯಾಮ್ ಪುಡಿಗೆ (ಬೇರಿಗೆ ನೆರವಾಗೋ ಶಿಲೀಂಧ್ರದ ಪುಡಿ) 3, ಅವರು ಕೊಟ್ಟ ಸಲಹೆಗೆ 1. ನರ್ಸರಿ ಹೆಸರು ಹಾಕಲ್ಲ, ಯಾಕಂದ್ರೆ ತಪ್ಪು ಒಬ್ಬರದ್ದೇ ಅಲ್ಲ, ಲಾವಂಚ ಮಾರೋರು ನಾನು ಫೋನ್ ಮಾಡಿದ ಮೂರು ನಾಕು ಜನಾನೂ ಹೆಚ್ಚುಕಮ್ಮಿ ಇದೇ ಮಾತು ಹೇಳಿದ್ರು.

ನಮ್ಮದು ಕೆಜಿಎಫ್. ಅಪ್ಪ ಮೈನ್ಸ್‌ನಲ್ಲಿದ್ರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ. ಊರಾಚೆ ನಮ್ಮ ತಾತನ ಕಾಲದ ಒಂದೂವರೆ ಎಕರೆ ಹೊಲ ಇದೆ, ಅದರ ಒಂದು ಬದಿ ಸೈನೈಡ್ ಗುಡ್ಡದ ಕಡೆಗೆ. ಹೊರಗಿನೋರಿಗೆ ಗೊತ್ತಿರಲ್ಲ, ಅದಕ್ಕೆ ಒಂದ್ಮಾತು: ಇದು ದೇವರು ಮಾಡಿದ ಗುಡ್ಡ ಅಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿಂದ ನೂರಿಪ್ಪತ್ತು ವರ್ಷ ಭೂಮಿಯೊಳಗಿಂದ, ಚಾಂಪಿಯನ್ ರೀಫ್ ಅನ್ನೋ ಗಣೀಲಿ 3 ಕಿಲೋಮೀಟರ್‌ಗಿಂತ ಆಳದಿಂದ, ಕಲ್ಲು ಮೇಲೆ ತಂದು ಮಿಲ್‌ನಲ್ಲಿ ಹಿಟ್ಟಿನ ಥರ ಅರೆದು ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದು ಉಳಿದ ಕೆಸರನ್ನ ಒಂದ್ಕಡೆ ಸುರಿದು ಸುರಿದು ಆದ ಗುಡ್ಡ. ಇಂಥವು 13 ಇವೆ, ಒಟ್ಟು ಮೂರು ಕೋಟಿ ಟನ್ನಿಗೂ ಜಾಸ್ತಿ ಪುಡಿ. ಆಷಾಢದ ಗಾಳಿ ಎದ್ರೆ ಆ ಪುಡಿ ಊರ ಮೇಲೆ ಬರತ್ತೆ, ಬಟ್ಟೆ ಒಣ ಹಾಕಕ್ಕಾಗಲ್ಲ, ಅನ್ನದ ಪಾತ್ರೆ ಮುಚ್ಚಳ ತೆಗೆದಿಡಕ್ಕಾಗಲ್ಲ. ಮಳೆ ಬಂದ್ರೆ ಅದೇ ಪುಡಿ ಬೂದಿ ಬಣ್ಣದ ನೀರಾಗಿ ನಮ್ಮ ಹೊಲಕ್ಕೆ ಇಳಿಯತ್ತೆ. ಅಪ್ಪನ ಜೊತೆ ಕೆಲಸ ಮಾಡಿದ ಎಷ್ಟೋ ಜನ ಸಿಲಿಕೋಸಿಸ್‌ನಲ್ಲಿ ಕೆಮ್ಮಿ ಕೆಮ್ಮಿ ಹೋದ್ರು, ಅದು ಒಳಗಿನ ದೂಳು. ಹೊರಗಿನ ದೂಳಾದ್ರೂ ನನ್ನ ಮಕ್ಕಳ ಮೇಲೆ ಬೀಳಬಾರದು ಅಂತ ಶುರು ಮಾಡಿದ ಕೆಲಸ ಇದು.

ಹೊಲದ ಆ ಬದೀಲಿ 100 ಅಡಿ ಉದ್ದ 16 ಅಡಿ ಅಗಲದ ಪಟ್ಟಿ ಪೂರ್ತಿ ಗುಡ್ಡದ ಮರಳು ಬಂದು ಕೂತಿತ್ತು. ರಾಗಿ ಬಿಡಿ, ಗರಿಕೆಯೂ ಇರಲಿಲ್ಲ. ಅಂಚಲ್ಲಿ ನಾಕು ಬಳ್ಳಾರಿ ಜಾಲಿ, ಎರಡು ಎಕ್ಕದ ಗಿಡ ಅಷ್ಟೇ. ಆ ಮಣ್ಣು, ಮಣ್ಣು ಅನ್ನೋದೇ ತಪ್ಪು, ಕೈಯಲ್ಲಿ ಹಿಡಿದ್ರೆ ಪೌಡರ್ ಥರ ಜಾರತ್ತೆ, ಒಂದು ಮಳೆ ಬಿದ್ದು ಬಿಸಿಲು ಬಂದ್ರೆ ಮೇಲೆ ಹಪ್ಪಳದ ಥರ ಗಟ್ಟಿ ಪದರ ಕಟ್ಟತ್ತೆ, ಬೀಜ ಬಿದ್ರೂ ಮೊಳಕೆ ಅದನ್ನ ಒಡ್ಕೊಂಡು ಬರಲ್ಲ. ಒಳಗೆ ಗೊಬ್ಬರದ ಅಂಶ ಇಲ್ಲ, ಸಾರಜನಕ ಇಲ್ಲ, ಎರೆಹುಳ ಇಲ್ಲ, ನೀರು ಹಿಡಿಯಲ್ಲ, ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಕ್ಕಾಗಲ್ಲ. ಮೇಲಿಂದ ಲೋಹ. ಎಲ್ಲಾರೂ ಸೈನೈಡ್ ಸೈನೈಡ್ ಅಂತ ಹೆದರ್ತಾರೆ, ಆದ್ರೆ ಸೈನೈಡ್ ಬಿಸಿಲು ಗಾಳಿಗೆ ವರ್ಷಗಳಲ್ಲಿ ಒಡೆದು ಹೋಗೋ ವಸ್ತು. ಹೋಗದೇ ಇರೋದು ಕಲ್ಲಲ್ಲೇ ಇದ್ದ ಆರ್ಸೆನಿಕ್ ಥರದ್ದು. ಗಂಧಕದ ಅಂಶ ಇರೋ ಕಲ್ಲಿನ ಪುಡಿ ಮಳೆಗಾಳಿಗೆ ಸಿಕ್ಕಿದ್ರೆ ಹುಳಿ ಆಗತ್ತೆ, ಹುಳಿ ಆದ್ರೆ ಎಷ್ಟೋ ಲೋಹ ಕರಗಿ ಬೇರಿಗೆ ಬರತ್ತೆ.

ಪ್ಯಾಕೇಜ್‌ನಲ್ಲಿ ಏನೇನು ಬಂತು: 600 ಲಾವಂಚದ ತೆಂಡೆ (ಬುಡದಿಂದ ಬಿಡಿಸಿದ ಸಸಿ), ಒಂದಕ್ಕೆ 4 ರೂಪಾಯಿ. ನಾರಿನ ಮ್ಯಾಟ್ ಎರಡು ರೋಲು, ಒಂದೊಂದು 2 ಮೀಟರ್ ಅಗಲ 50 ಮೀಟರ್ ಉದ್ದ, ಒಂದಕ್ಕೆ 5,500. ವ್ಯಾಮ್ ಪುಡಿ 10 ಕೆಜಿ, 800 ರೂಪಾಯಿ. ಗಾಡಿ ಬಾಡಿಗೆ 1,500. ಒಟ್ಟು 15,700. ಮ್ಯಾಟ್ ದುಬಾರಿ ಅನ್ಸಿತ್ತು, ಈಗ ಅನ್ಸಲ್ಲ, ಆಮೇಲೆ ಹೇಳ್ತೀನಿ.

ತೆಂಡೆ ಕಳಿಸಿದ ರೀತಿ ತುಂಬಾ ಚೆನ್ನಾಗಿತ್ತು, ಇದನ್ನ ಹೇಳ್ಲೇಬೇಕು. ಎಲೆ ಒಂದು ಗೇಣು ಬಿಟ್ಟು ಕತ್ತರಿಸಿ, ಬೇರು ಎರಡು ಬೆರಳುದ್ದಕ್ಕೆ ಕತ್ತರಿಸಿ, 50ರ ಕಟ್ಟು ಕಟ್ಟಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಕಳಿಸಿದ್ರು. ಬಿಚ್ಚಿದಾಗ ಹಸಿ ವಾಸನೆ ಬಂತು, ಕೊಳೆತಿದ್ದು ಒಂದೂ ಇರಲಿಲ್ಲ. ಒಂದೊಂದರಲ್ಲಿ ಎರಡು ಮೂರು ಕಾಂಡ ಸೇರಿತ್ತು, ಸುಮಾರು 40 ಮಾತ್ರ ಒಂಟಿ ಇದ್ವು. ಎಣಿಸಿದ್ರೆ 600ಕ್ಕೆ 11 ಜಾಸ್ತಿನೇ ಇತ್ತು.

ಇನ್ನು ಸಲಹೆ. "ಲಾವಂಚ ಅಲ್ವಾ ಸಾರ್, ಎಲ್ಲಿ ನೆಟ್ರೂ ಬರತ್ತೆ, ಗುಂಡಿ ತೆಗೀರಿ, ಪುಡಿ ಹಾಕಿ, ನೆಡಿ ಸಾಕು. ಒಂದು ವರ್ಷದಲ್ಲಿ ವಿಷ ಎಲ್ಲಾ ಹೀರ್ಕೊಂಡು ಮಣ್ಣು ಕ್ಲೀನ್ ಮಾಡ್ಬಿಡತ್ತೆ" ಅಂದ್ರು. ಇದರಲ್ಲಿ ಎರಡು ಮಾತೂ ತಪ್ಪು, ಮೊದಲನೇ ತಪ್ಪಿಗೆ ನನ್ನ 400 ಗಿಡ ಹೋಯ್ತು, ಎರಡನೇ ತಪ್ಪಿಗೆ ಯಾರ ಆರೋಗ್ಯ ಬೇಕಾದ್ರೂ ಹೋಗಬಹುದು.

ಮೊದಲ ವರ್ಷ ಜುಲೈ ಮೊದಲ ವಾರ ನೆಟ್ವಿ. ಮೂರು ಸಾಲು, ಅರ್ಧ ಅಡಿಗೆ ಒಂದು. ಅಣ್ಣ, ನಾನು, ಇಬ್ಬರು ಕೂಲಿಯೋರು, ಎರಡು ದಿನದ ಕೆಲಸ. ಮ್ಯಾಟ್ "ಆಮೇಲೆ ಹಾಕಿದ್ರೂ ಆಗತ್ತೆ" ಅಂದಿದ್ರು ಅಂತ ಮೂಲೇಲಿ ಇಟ್ಟಿದ್ವಿ. ಹದಿನೈದು ದಿನ ಹಸಿರಾಗೇ ಇತ್ತು, ಆಮೇಲೆ ಗಾಳಿ ಶುರುವಾಯ್ತು. ನಿಮಗೆ ಹೇಗೆ ಹೇಳೋದು, ಆ ಮರಳು ಗಾಳೀಲಿ ಹಾರ್ಕೊಂಡು ಬಂದು ಎಳೆ ಚಿಗುರನ್ನ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ ಉಜ್ಜಿಬಿಡ್ತು, ಗಾಳಿ ಬರೋ ಕಡೆಯ ಎಲೆ ಎಲ್ಲಾ ಬೆಳ್ಳಗೆ ಸೀಳಿ ಹೋಗಿತ್ತು. ಕೆಲವು ಗಿಡದ ಬುಡದಲ್ಲಿ ಮರಳು ಕೊಚ್ಚಿ ಹೋಗಿ ಬೇರು ಮೇಲೆ ಬಂದಿತ್ತು, ಕೆಲವು ಹೂತೇ ಹೋಗಿದ್ವು. ಸೆಪ್ಟೆಂಬರ್‌ನಲ್ಲಿ ಕೂತು ಎಣಿಸಿದೆ, ಉಳಿದಿದ್ದು 212. ಅದರಲ್ಲೂ ಬೇರು ಕಿತ್ತು ನೋಡಿದ್ರೆ ತುದಿ ಕಂದು ಬಣ್ಣ, ಮೊಂಡಾಗಿ, ಕವಲೇ ಒಡೆದಿರಲಿಲ್ಲ.

ಆಗ ಬುದ್ಧಿ ಬಂದು ಮಣ್ಣು ಪರೀಕ್ಷೆಗೆ ಹೋದೆ. ಇಲ್ಲೊಂದು ಮುಖ್ಯ ವಿಷಯ, ಸರ್ಕಾರದ ಮಣ್ಣು ಆರೋಗ್ಯ ಕಾರ್ಡಲ್ಲಿ 12 ಅಂಶ ನೋಡ್ತಾರೆ, ಪಿಎಚ್, ಉಪ್ಪಿನ ಅಂಶ, ಸಾವಯವ ಇಂಗಾಲ, ಸಾರಜನಕ ರಂಜಕ ಪೊಟ್ಯಾಷ್ ಗಂಧಕ, ಸತು ಕಬ್ಬಿಣ ತಾಮ್ರ ಮ್ಯಾಂಗನೀಸ್ ಬೋರಾನ್. ಆರ್ಸೆನಿಕ್, ಸೀಸ ಅದರಲ್ಲಿಲ್ಲ. ಅದಕ್ಕೆ ಬೇರೆಯಾಗಿ ದುಡ್ಡು ಕೊಟ್ಟು ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಲ್ಲಿ ಮಾಡಿಸ್ಬೇಕು. ನನ್ನ ಪಟ್ಟಿಯ ಪಿಎಚ್ 4.6 ಬಂತು, ಅಂದ್ರೆ ಚೆನ್ನಾಗೇ ಹುಳಿ, ಸಾವಯವ ಇಂಗಾಲ ಇಲ್ಲವೇ ಇಲ್ಲ ಅನ್ನೋ ಹಾಗೆ. ಆರ್ಸೆನಿಕ್ ಇತ್ತು, ಊಟದ ಬೆಳೆ ಹಾಕೋ ಯೋಚನೆ ಬಿಟ್ಟುಬಿಡಿ ಅನ್ನೋ ಮಟ್ಟಕ್ಕೆ.

ರಿಪೋರ್ಟ್ ಹಿಡ್ಕೊಂಡು ಕೃಷಿ ಇಲಾಖೇಲಿ ಕೆಲಸ ಮಾಡಿ ರಿಟೈರ್ ಆದ ನಮ್ಮ ಪರಿಚಯದ ಹಿರಿಯರೊಬ್ಬರ ಹತ್ರ ಹೋದೆ. ನರ್ಸರಿಯೋರು ಎರಡನೇ ಸಲ ಫೋನ್ ಮಾಡಿದಾಗ "ಸೂಪರ್ ಫಾಸ್ಫೇಟ್ ಜೋರಾಗಿ ಹಾಕಿ, ಬೇರು ಬರತ್ತೆ" ಅಂದಿದ್ರು, ಅದನ್ನ ಹೇಳಿದ ತಕ್ಷಣ ಅವರು ಬೇಡ ಅಂದ್ರು. ಕಾರಣ ಕೇಳಿ ನಂಗೆ ಆಶ್ಚರ್ಯ ಆಯ್ತು. ಸೂಪರ್ ಫಾಸ್ಫೇಟ್ ಅಂದ್ರೆ ರಂಜಕದ ಗೊಬ್ಬರ. ರಂಜಕ ಮತ್ತೆ ಆರ್ಸೆನಿಕ್ ಮಣ್ಣಿನ ಕಣಕ್ಕೆ ಅಂಟೋ ಜಾಗ ಒಂದೇ ಅಂತೆ, ನೀವು ರಂಜಕ ಸುರಿದ್ರೆ ಅದು ಹೋಗಿ ಕೂತ್ಕೊಂಡು ಆರ್ಸೆನಿಕ್‌ನ ಎಬ್ಬಿಸಿ ನೀರಿಗೆ ಬಿಡತ್ತೆ. ಸೀಸ ಜಾಸ್ತಿ ಇರೋ ಕಡೆ ಇದೇ ರಂಜಕ ಒಳ್ಳೇದು ಮಾಡತ್ತೆ, ಸೀಸಾನ ಕಟ್ಟಿ ಹಾಕತ್ತೆ. ಸುಣ್ಣಾನೂ ಹಾಗೇ, ಹುಳಿ ಕಮ್ಮಿ ಮಾಡಕ್ಕೆ ಬೇಕು, ಆದ್ರೆ ಅತಿಯಾದ್ರೆ ಆರ್ಸೆನಿಕ್ ಮತ್ತೆ ಸಡಿಲ ಆಗತ್ತೆ, ಪಿಎಚ್ 6ರ ಹತ್ರ ಬಂದ್ರೆ ನಿಲ್ಲಿಸಿ ಅಂದ್ರು. ಅಂದ್ರೆ ಯಾವ ಲೋಹ ಇದೆ ಅಂತ ಗೊತ್ತಿಲ್ದೆ ಗೊಬ್ಬರ ಹಾಕೋದು, ಕಾಯಿಲೆ ಗೊತ್ತಿಲ್ದೆ ಮಾತ್ರೆ ನುಂಗಿದ ಹಾಗೆ. ಅವರು ಹೇಳಿದ ಇನ್ನೊಂದು ಮಾತು ನಂಗೆ ತುಂಬಾ ಇಷ್ಟ ಆಯ್ತು: ನಮ್ಮ ಕೋಲಾರದ ಕೆಮ್ಮಣ್ಣಿನ ಕೆಂಪು ಅಂದ್ರೆ ಕಬ್ಬಿಣ, ಆ ಕಬ್ಬಿಣ ಆರ್ಸೆನಿಕ್‌ನ ಹಿಡ್ಕೊಳತ್ತೆ. ದುಡ್ಡು ಕೊಟ್ಟು ಔಷಧಿ ಹುಡುಕ್ತಿದ್ದೆ, ಅದು ಹೊಲದ ಇನ್ನೊಂದು ತುದೀಲಿ ಕಾಲ ಕೆಳಗೇ ಇತ್ತು!

ಎರಡನೇ ವರ್ಷ ಬೇಸಿಗೇಲೇ ಶುರು ಮಾಡಿದ್ವಿ. ಏಪ್ರಿಲ್‌ನಲ್ಲಿ ಕೆರೆ ಒಣಗಿದಾಗ ಕೆರೆ ಗೋಡು ತಂದ್ವಿ, ಪಂಚಾಯ್ತೀಲಿ ಕೇಳ್ಕೊಂಡು, ಏಳು ಟ್ರ್ಯಾಕ್ಟರ್ ಲೋಡು. ಮೂರು ಲೋಡು ಕೆಮ್ಮಣ್ಣು, ಎರಡು ಲೋಡು ಹಳೇ ಕೊಟ್ಟಿಗೆ ಗೊಬ್ಬರ (ನಮ್ಮ ಕಡೆ ಮನೆಗೆರಡು ಸೀಮೆ ಹಸು ಇರೋದ್ರಿಂದ ಗೊಬ್ಬರಕ್ಕೆ ಬರ ಇಲ್ಲ). ಕೃಷಿ ಸುಣ್ಣ ಬೆರೆಸಿ ಒಂದೆರಡು ಮುಂಗಾರು ಪೂರ್ವ ಮಳೆ ಕುಡಿಸಿ ಬಿಟ್ವಿ. ಸಾಲಿಗೆ ಒಂದಡಿ ಆಳದ ಟ್ರೆಂಚ್ ತೆಗೆದು ಈ ಮಣ್ಣು ತುಂಬಿ, ಇಡೀ ಪಟ್ಟಿಗೆ ಮೇಲಿಂದ ಇದೇ ಮಣ್ಣು ತೆಳ್ಳಗೆ ಹರಡಿ ಮ್ಯಾಟ್ ಹಾಸಿದ್ವಿ. ಗಾಳಿ ಕಡೆಗೆ ಒಣಗಿದ ಜಾಲಿ ಮುಳ್ಳಿನ ಬೇಲಿ, ಮೊಣಕಾಲೆತ್ತರ ಸಾಕು, ಗಾಳಿ ವೇಗ ಮುರಿದ್ರೆ ಆಯ್ತು. ನೆಟ್ಟಿದ್ದು ಆಷಾಢ ಕಳೆದು ಆಗಸ್ಟ್ ಕೊನೇಲಿ, ಯಾಕಂದ್ರೆ ನಮ್ಮ ಕಡೆ ಮಳೆ ಹಿಡಿಯೋದು ಸೆಪ್ಟೆಂಬರ್ ಅಕ್ಟೋಬರ್‌ನಲ್ಲೇ. ಕ್ಯಾಲೆಂಡರ್ ನೋಡಿ "ಜೂನ್ ಮಳೆಗಾಲ" ಅಂತ ಮಲೆನಾಡಿನ ಲೆಕ್ಕ ಇಲ್ಲಿ ಹಾಕಿದ್ರೆ ಕೆಟ್ರಿ.

ಈಗ ಮ್ಯಾಟ್ ವಿಷಯ. ದಾರದ ಥರ ಹೊಸೆದ ತೆಂಗಿನ ನಾರಿನ ಬಲೆ, ಕಣ್ಣು ಹೆಬ್ಬೆಟ್ಟು ತೂರೋಷ್ಟು. ಕಬ್ಬಿಣದ ಪಿನ್ ಕೊಟ್ಟಿದ್ರು, ಆ ಹುಳಿ ಮಣ್ಣಲ್ಲಿ ಮೊದಲನೇ ಮಳೆಗೇ ತುಕ್ಕು ಹಿಡೀತು, ಅದಕ್ಕೆ ಬಿದಿರು ಗೂಟ ಮಾಡಿಸಿ ಅಡಿಗೊಂದು ಹೊಡೆದ್ವಿ. ಮಳೆ ನಿಂತು ಮೂರನೇ ದಿನ ಹೋಗಿ ನೋಡಿದೆ, ಮ್ಯಾಟ್ ಇಲ್ಲದ ಕಡೆ ಅದೇ ಹಪ್ಪಳ, ಮ್ಯಾಟ್ ಎತ್ತಿ ಬೆರಳಿಟ್ರೆ ತಣ್ಣಗೆ, ಒದ್ದೆ. ನಾಕು ತಿಂಗಳಾದ್ಮೇಲೆ ಎತ್ತಿದಾಗ ನಾರಿಗೂ ಮಣ್ಣಿಗೂ ನಡುವೆ ಬಿಳೀ ಎಳೆ ಎಳೆ ಬೂಷ್ಟು ಹರಡಿತ್ತು, ಪಕ್ಕದಲ್ಲಿ ಇರುವೆ ಗೂಡು, ಬಲೆಯ ಒಂದೊಂದು ಕಣ್ಣಿಂದಲೂ ಗರಿಕೆ ತಲೆ ಎತ್ತಿತ್ತು. ಗರಿಕೆ ನಾನು ಹಾಕಿದ್ದಲ್ಲ, ಕೆರೆ ಗೋಡಲ್ಲೋ ಗೊಬ್ಬರದಲ್ಲೋ ಬಂದಿರ್ಬೇಕು. ಇಪ್ಪತ್ತು ವರ್ಷ ಒಂದು ಕಡ್ಡಿ ಹುಟ್ಟದ ಜಾಗ ಅದು, ನಾನು ಅಲ್ಲೇ ಕೂತ್ಬಿಟ್ಟೆ, ಅಣ್ಣನ್ನ ಕೂಗಿ ತೋರಿಸ್ದೆ. ಈ ಮ್ಯಾಟ್ ಎರಡು ಮೂರು ವರ್ಷದಲ್ಲಿ ಕೊಳೆತು ಗೊಬ್ಬರ ಆಗತ್ತೆ, ಅಷ್ಟರಲ್ಲಿ ಬೇರು ಕೆಲಸ ವಹಿಸ್ಕೊಂಡಿರತ್ತೆ. ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ತಗೊಳ್ಳಕ್ಕೆ ಹೋಗ್ಬೇಡಿ, ಆ ಗಾಳಿಗೆ ಹರಿದು ಊರೆಲ್ಲಾ ಹಾರತ್ತೆ.

ವ್ಯಾಮ್‌ಗೆ 3 ಯಾಕೆ ಅಂದ್ರೆ, ವಿಜ್ಞಾನದಲ್ಲಿ ಅದು ನಿಜ, ಬೇರಿಗೆ ರಂಜಕ ನೀರು ಎಳ್ಕೊಡತ್ತೆ. ಮಹಾರಾಷ್ಟ್ರದ ಗುಮ್‌ಗಾಂವ್ ಮ್ಯಾಂಗನೀಸ್ ಗಣಿ ಗುಡ್ಡೆ ಮೇಲೆ ನಾಗಪುರದ ನೀರಿ (NEERI) ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯೋರು ಕಾಡು ಬೆಳೆಸಿದಾಗ ಇಂಥ ಶಿಲೀಂಧ್ರ, ಜೀವಾಣು ಗೊಬ್ಬರ, ಜೊತೆಗೆ ಸಕ್ಕರೆ ಫ್ಯಾಕ್ಟರಿಯ ಪ್ರೆಸ್‌ಮಡ್ ಎಲ್ಲಾ ಸೇರಿಸೇ ಮಾಡಿದ್ದು. ಬರೀ ಪುಡಿ ಹಾಕಿದ್ರೆ ಏನೂ ಆಗಲ್ಲ, ನನ್ನ ಮೊದಲ ವರ್ಷವೇ ಸಾಕ್ಷಿ. ನಂಗೆ ಬಂದ ಪ್ಯಾಕೆಟ್ ಮೇಲೆ ತಯಾರಿ ತಾರೀಖು ಕೂಡ ಅಳಿಸಿ ಹೋಗಿತ್ತು, ಜೀವ ಇರೋ ವಸ್ತು ಮಾರುವಾಗ ಹಾಗೆ ಮಾಡಬಾರದು.

ಎರಡನೇ ಸಲದ ಲೆಕ್ಕ: ಹಳೇ 212 ಹಾಗೇ ಇಟ್ಟು, ಖಾಲಿ ಜಾಗಕ್ಕೆ 390 ಹೊಸ ತೆಂಡೆ. ಅದರಲ್ಲಿ 150 ನರ್ಸರಿಯೋರು ಫೋಟೋ ನೋಡಿ ಫ್ರೀ ಕೊಟ್ರು, ಜಗಳ ಆಡ್ಲಿಲ್ಲ, ಅದಕ್ಕೆ ಥ್ಯಾಂಕ್ಸ್. ಹೊಸದ್ರಲ್ಲಿ ಸತ್ತಿದ್ದು 31. ಈಗ ಮೂರನೇ ಆಷಾಢ ನಡೀತಿದೆ, ಗಿಡ ನನ್ನ ಎದೆಮಟ್ಟ ಇದೆ, ಸಾಲು ಕೂಡ್ಕೊಂಡು ಗೋಡೆ ಥರ ಆಗಿದೆ, ಗುಡ್ಡದ ಕಡೆ ಬುಡದಲ್ಲಿ ಒಂದು ಗೇಣು ಹೊಸ ಮರಳು ಬಂದು ನಿಂತಿದೆ. ಅಷ್ಟೂ ನಮ್ಮ ಹೊಲಕ್ಕೆ ಬರಬೇಕಾಗಿದ್ದದ್ದು. ಗುಂಡ್ಲುಪೇಟೆ ಕಡೆ ರೈತರು ಹಿಂದಿನಿಂದಲೂ ಬದುವಿಗೆ ಲಾವಂಚ ಹಾಕಿ ಮಣ್ಣು ಹಿಡಿದಿದ್ದು ಸುಮ್ನೆ ಅಲ್ಲ. ಬೇರು ಕೆಳಗೆ 3 ಮೀಟರ್‌ವರೆಗೂ ನೆಟ್ಟಗೆ ಇಳಿಯೋ ಗಿಡ ಅದು.

ಒಂದು ಮಾರ್ಕ್ ಕಮ್ಮಿ ಮಾಡಿದ್ದು ತಳಿ ವಿಷಯಕ್ಕೆ. ದಕ್ಷಿಣದ ನಮ್ಮ ಬದುವಿನ ಲಾವಂಚ ಬೀಜ ಕಟ್ಟಲ್ಲ, ತೆಂಡೆ ಇಟ್ಟ ಜಾಗದಲ್ಲೇ ಇರತ್ತೆ. ಉತ್ತರದ ಕಡೆಯ ಲಾವಂಚ ಹೂ ಬಿಟ್ಟು ಬೀಜ ಆಗತ್ತೆ. ನನ್ನ ಸಾಲಲ್ಲಿ ಹತ್ತು ಹದಿನೈದು ಬುಡ ಹೂ ಬಿಟ್ವು, ಯಾವ ತಳಿ ಅಂತ ಕೇಳಿದ್ರೆ "ಎಲ್ಲಾ ಒಂದೇ" ಅನ್ನೋ ಉತ್ತರ. ಹೂ ಬಿಟ್ಟಿದ್ದನ್ನೆಲ್ಲಾ ಬೀಜ ಆಗೋ ಮೊದ್ಲೇ ಕತ್ತರಿಸ್ತಾ ಇದೀನಿ. ಆರ್ಡರ್ ಮಾಡೋರು ಮೊದಲು ಇದನ್ನ ಕೇಳಿ.

ಮತ್ತೆ ಆ "ವಿಷ ಹೀರ್ಕೊಂಡು ಕ್ಲೀನ್ ಮಾಡತ್ತೆ" ಅನ್ನೋ ಮಾತು. ಇದನ್ನ ಹೇಳ್ಕೊಂಡು ಮಾರೋದು ದಯವಿಟ್ಟು ನಿಲ್ಲಿಸಿ. ಲೋಹಾನ ಎಲೆಗೆ ಎಳ್ಕೊಳ್ಳೋ ಗಿಡಗಳಿವೆ, 2001ರಲ್ಲಿ ಫ್ಲೋರಿಡಾದಲ್ಲಿ ಒಂದು ಜರಿಗಿಡ ಆರ್ಸೆನಿಕ್‌ನ ಹಾಗೆ ತುಂಬ್ಕೊಳ್ಳೋದು ಕಂಡುಹಿಡಿದ್ರು. ಆದ್ರೆ ಅದಕ್ಕೆ ತೇವ ಬೇಕು, ಕೊಯ್ದ ಎಲೆಯನ್ನೇ ಮತ್ತೆ ವಿಷದ ಕಸ ಅಂತ ವಿಲೇವಾರಿ ಮಾಡ್ಬೇಕು, ಇಷ್ಟು ದೊಡ್ಡ ಗುಡ್ಡಕ್ಕೆ ಅದು ಆಗೋ ಮಾತಲ್ಲ. ಲಾವಂಚ ಮಾಡೋದು ಬೇರೆ ಕೆಲಸ: ಲೋಹದ ಬಹುಪಾಲನ್ನ ಬೇರಲ್ಲೇ ಹಿಡ್ಕೊಂಡು, ಮಣ್ಣು ಹಾರದ ಹಾಗೆ ಹರಿಯದ ಹಾಗೆ ಕಟ್ಟಿಹಾಕೋದು. ನಮಗೆ ಬೇಕಾಗಿರೋದೂ ಅದೇ. ವಿಷ ಹೋಗಿರಲ್ಲ, ನಿಂತಿರತ್ತೆ.

ಬ್ರಿಟನ್ನಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಬ್ರಾಡ್‌ಶಾ ಅನ್ನೋ ವಿಜ್ಞಾನಿ ಮತ್ತವರ ಜೊತೆಯೋರು ಹಳೇ ಸೀಸ, ಸತು, ತಾಮ್ರದ ಗಣಿ ಕಸದ ಮೇಲೆ ತಾನಾಗೇ ಹುಟ್ಟಿ ಬದುಕಿದ ಹುಲ್ಲನ್ನ ಆರಿಸಿ, ಅದರಿಂದಲೇ ತಳಿ ಮಾಡಿ ಬೀಜ ಮಾರಾಟಕ್ಕೆ ಬರೋ ಹಾಗೆ ಮಾಡಿದ್ರು. ಮರ್ಲಿನ್ ಅಂತ ಒಂದು ಫೆಸ್ಕ್ಯೂ ಹುಲ್ಲು, ವೇಲ್ಸ್‌ನ ತಾಮ್ರದ ಗಣಿ ಇದ್ದ ಪ್ಯಾರಿಸ್ (Parys) ಬೆಟ್ಟದ ಹೆಸರಲ್ಲೇ ಇನ್ನೊಂದು. ಮಾಮೂಲಿ ಅಂಗಡಿ ಬೀಜ ಸಾಯೋ ಕಡೆ ಇವು ಬರ್ತವೆ. ನಮ್ಮ ನರ್ಸರಿಯೋರೂ ಇದನ್ನ ಯೋಚನೆ ಮಾಡ್ಬೇಕು ಅನ್ನೋದು ನನ್ನ ಆಸೆ. ನಮ್ಮ ಗುಡ್ಡದ ಅಂಚಲ್ಲೇ ಬದುಕಿರೋ ಹುಲ್ಲು, ಬಂದರಿಕೆ, ಹೊಂಗೆಯ ಬೀಜ ಆರಿಸಿ ಸಸಿ ಮಾಡಿ ಕೊಟ್ರೆ ನಾನು ಎರಡರಷ್ಟು ದುಡ್ಡು ಕೊಟ್ಟು ತಗೋತೀನಿ. ಲಾವಂಚದ ಸಾಲಿನ ಹಿಂದೆ ಹಾಗೆ ಆರಿಸಿದ ಹೊಂಗೆ ಬೀಜದಿಂದ ಮಾಡಿದ 20 ಸಸಿ ನೆಟ್ಟಿದೀನಿ, 17 ಇವೆ.

ಯಾರು ತಗೋಬಹುದು: ಗುಡ್ಡದ ಪಕ್ಕ ಸ್ವಂತ ಜಾಗ ಇರೋರು, ಶಾಲೆ ಕಾಂಪೌಂಡ್‌ನೋರು, ಧಾರಾಳವಾಗಿ. ಗುಡ್ಡ ಹತ್ತಿ ನೆಡಕ್ಕೆ ಹೋಗ್ಬೇಡಿ, ಅದು ನಮ್ಮ ಜಾಗ ಅಲ್ಲ, ಇಳಿಜಾರು ಕುಸಿಯತ್ತೆ. 2024ರ ಜೂನ್‌ನಲ್ಲಿ ಆ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯೋ ಪ್ರಸ್ತಾಪಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ, ಹಾಗಾಗಿ "ಹೇಗೂ ಅಗೀತಾರೆ, ಗಿಡ ಯಾಕೆ" ಅಂತ ಕೆಲವರು ಕೇಳ್ತಾರೆ. ಅಗೆದ್ರೆ ದೂಳು ಇನ್ನೂ ಜಾಸ್ತಿ ಏಳತ್ತೆ ಸ್ವಾಮಿ, ಆಗ ನಿಮ್ಮ ಮನೆ ಕಡೆ ಬೇಲಿ ಇರ್ಬೇಕು. ಬೇಲಿ ಬೆಳೆಯಕ್ಕೆ ಎರಡು ವರ್ಷ ಬೇಕು, ಈಗಲೇ ಹಾಕಿ. ಬಜೆಟ್‌ನಲ್ಲಿ ಸಸಿಗೆ ಎಷ್ಟೋ ಅದರ ನಾಕೈದು ಪಟ್ಟು ಮಣ್ಣಿಗೆ, ಮ್ಯಾಟ್‌ಗೆ ಇಟ್ಕೊಳ್ಳಿ. ದನ ಕುರಿ ಬಿಡಬೇಡಿ, ಎಲೆ ಮೇಲೆ ಕೂತ ದೂಳೇ ಸಾಕು ಹೊಟ್ಟೆ ಕೆಡಿಸಕ್ಕೆ.

ಕೊನೇದಾಗಿ ಹೋದ ತಿಂಗಳು ಆಗಿದ್ದು. ನಮ್ಮ ಬೀದಿ ಅಜ್ಜಿಯೊಬ್ರು ಹೊಲದ ಕಡೆ ಬಂದು, ಸಾಲು ನೋಡಿ ಸಂತೋಷಪಟ್ಟು, ಬಗ್ಗಿ ಬುಡ ಕೆದಕಿ ವಾಸನೆ ನೋಡಿದ್ರು. "ಎಷ್ಟು ಘಮ ಅಂತ ಅಲ್ವೇನಪ್ಪ, ಒಂದ್ಹಿಡಿ ಬೇರು ಕಿತ್ಕೊಡು, ಮಡಕೆ ನೀರಿಗೆ ಹಾಕ್ಕೋತೀನಿ" ಅಂದ್ರು. ನಮ್ಮ ಮನೇಲೂ ಅಮ್ಮ ಬೇಸಿಗೇಲಿ ಲಾವಂಚದ ಬೇರು ಹಾಕಿದ ನೀರೇ ಕೊಡ್ತಿದ್ದಿದ್ದು, ಆ ತಣ್ಣನೆ ರುಚಿ ಇನ್ನೂ ನಾಲಿಗೆ ಮೇಲಿದೆ. ನಾನು ಅವರ ಕೈ ಹಿಡ್ಕೊಂಡು ಬೇಡಜ್ಜೀ ಅಂದೆ, ಈ ಬೇರು ಗುಡ್ಡದ ವಿಷ ಹಿಡ್ಕೊಂಡಿದೆ, ಇದನ್ನ ಯಾರೂ ಕೀಳಬಾರದು ಅಂತ ಹೇಳಿ ಕೈ ತೊಳೆಸಿ ಕಳಿಸ್ದೆ. ಮಾರನೇ ದಿನ ಸಂತೆಯಿಂದ ಒಂದು ಕಟ್ಟು ಒಳ್ಳೇ ಲಾವಂಚ ತಂದು ಅವರ ಮನೆಗೆ ಕೊಟ್ಟು ಬಂದೆ. ಹೊಲದ ಬೇಲಿಗೆ ದೊಡ್ಡ ಅಕ್ಷರದಲ್ಲಿ ಬೋರ್ಡ್ ಬರೆಸಿದೀನಿ, ಕನ್ನಡ, ತಮಿಳು, ತೆಲುಗು ಮೂರರಲ್ಲೂ: ಇಲ್ಲಿ ಬೇರು ಕೀಳಬೇಡಿ. ನರ್ಸರಿಯೋರಿಗೂ ಅದರ ಫೋಟೋ ಕಳಿಸಿ, ಇಂಥ ಜಾಗಕ್ಕೆ ಸಸಿ ಕೊಡುವಾಗ ಕಟ್ಟಿನ ಜೊತೆ ಈ ಒಂದು ಸಾಲು ಚೀಟಿ ಹಾಕಿ ಅಂತ ಕೇಳ್ಕೊಂಡಿದೀನಿ. ಹಾಕಿದ್ರೆ ಸಲಹೆಯ ಮಾರ್ಕ್ಸ್ ಬದಲಾಯಿಸಿ ಇಲ್ಲೇ ಬರೀತೀನಿ.